ಕರಿಕುದುರೆಯವರು ಮತ್ತೆ ಕೂಡಿದರಂತೆ

ಅವತ್ತು ನಸುಕಿಗೇ ಎದ್ದು ಅಂಗಳದ ಕಸ ಹೊಡೆದು ನೀರು ಚಿಮುಕಿಸಿದೆ. ನಳ ಬರುವ ಪಾಳಿ ನಮ್ಮ ಓಣಿಯದಾಗಿತ್ತು. ಕೊಡ, ಬಕೀಟು, ಹಂಡೆ, ಕೊನೆಗೆ ಅತ್ತೆಯ ತಂಬಿಗೆಯನ್ನೂ ಬಿಡದೆ ತುಂಬಿಟ್ಟೆ. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದೆ. ಅತ್ತೆಗೆ ಬೇಕಾದಷ್ಟು ಬುಟ್ಟಿಯಲ್ಲಿ ಮುಚ್ಚಿಟ್ಟು, ಉಳಿದವನ್ನು ಶೇಂಗಾ ಹಿಂಡಿ, ಬದನೆಕಾಯಿ ಪಲ್ಯದ ಜೊತೆ ಬಟ್ಟೆಯಲ್ಲಿ ಕಟ್ಟಿದೆ. ಅತ್ತೆಗೆ ಬಿಸಿನೀರು ಕಾಯಿಸಿಕೊಟ್ಟು ಗುಳಿಗೆ ನುಂಗಿಸಿದೆ. ಹಿಂದಿನ ದಿನ ಮಗ್ಗದಿಂದ ಇಳಿದ ಸೀರೆಯ ಹೆಚ್ಚಿನ ಎಳೆ ಕತ್ತರಿಸಿ, ಮಡಿಚಿ, ಮೇಲೊಂದು ಹಳೆ ಪಂಚೆ ಹೊದಿಸಿಟ್ಟೆ. ಕಂಡಿಕೆಗೆ ನೂಲು ಸುತ್ತುವುದು ಉಳಿದಿತ್ತು, ಉಳಿಯಲಿ ಅಂದೆ. ನಮ್ಮ ಯಜಮಾನರ ಬಿಳಿ ಅಂಗಿಗೆ ಇಸ್ತ್ರಿ ಮಾಡಿಟ್ಟಿದ್ದೆ. ಇವರು ಅದನ್ನು ಹಾಕಿಕೊಂಡು, ಕನ್ನಡಿ ನೋಡಿ, ಬಿಚ್ಚಿ, ದಿನಾ ಹಾಕುವ ನೀಲಿ ಅಂಗಿಯನ್ನೇ ಮತ್ತೆ ಹಾಕಿಕೊಂಡರು.

"ಯಾಕ್ರಿ?" ಅಂದೆ.

"ಕನ್ಯಾ ನೋಡಾಕ ಹೊಂಟಂಗ ಅನಸ್ತು," ಅಂದರು.

ನಾವು ಹೊರಟಿದ್ದು ಬಾಗಲಕೋಟೆಗೆ, ಒಂದು ಹಾಡು ಕೇಳಲು. ಇಳಕಲ್ಲಿನ ನಮ್ಮಂಥವರು ಬಾಗಲಕೋಟೆಯ ಬಸ್ಸು ಹತ್ತುವುದು ಕೋರ್ಟಿಗೆ, ಇಲ್ಲವೇ ದೊಡ್ಡ ದವಾಖಾನೆಗೆ. ಹಾಡು ಕೇಳಲು ಹೋದವರು ನಮ್ಮ ಓಣಿಯಲ್ಲಿ ನಾವೇ ಮೊದಲಿರಬೇಕು. ಹಾಗಾಗಿ ಪಕ್ಕದ ಮನೆಯವರು ಕೇಳಿದಾಗ "ಸ್ವಲ್ಪ ಕೆಲಸ ಐತ್ರಿ" ಅಂದು ಮಾತು ತೇಲಿಸಿದೆ. ಇವರಂತೂ ಬರುವುದೇ ಇಲ್ಲವೆಂದು ವಾರದಿಂದ ಹಟ ಹಿಡಿದಿದ್ದರು. ಹೆದರಿಕೆ ಏನೆಂದು ನನಗೆ ಗೊತ್ತಿತ್ತು. ಆ ಹಾಡು ಇವರ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಹೊಸದು ಕೇಳಿದರೆ ಅದೂ ಅಳಿಸಿಹೋದೀತು ಎಂಬ ಹೆದರಿಕೆ.

ಹಾಡು ನಮ್ಮ ಮನೆಗೆ ಬಂದದ್ದು ಇವರ ಗೆಳೆಯನಿಂದ. ಇಬ್ಬರೂ ಹುನಗುಂದದ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಇವರು ಇಳಕಲ್ಲಿಗೆ ಬಂದು ತಂದೆಯ ಮಗ್ಗಗಳನ್ನು ನೋಡಿಕೊಂಡರು, ಗೆಳೆಯ ಬಾದಾಮಿಗೆ ಹೋಗಿ ಗುಹೆಗಳ ಬಾಯಲ್ಲಿ ಗೈಡ್ ಆದ. ಹೊರದೇಶದವರ ಸಹವಾಸದಿಂದ ಅವನಿಗೆ ನಾಲ್ಕು ದೇಶದ ನಮಸ್ಕಾರಗಳು, ಎರಡು ದೇಶದ ಬೈಗುಳಗಳು ಬರುತ್ತಿದ್ದವು. ಒಮ್ಮೆ ಒಬ್ಬ ಉದ್ದಗೂದಲಿನ ಪ್ರವಾಸಿಗನಿಗೆ ಐಹೊಳೆಯ ಬಿಸಿಲಲ್ಲಿ ತಲೆ ತಿರುಗಿತಂತೆ. ನಮ್ಮ ಗೆಳೆಯ ಅವನನ್ನು ಮನೆಗೆ ಕರೆದೊಯ್ದು, ಮಜ್ಜಿಗೆ ಕುಡಿಸಿ, ಎರಡು ದಿನ ಹಾಸಿಗೆ ಹಾಕಿಕೊಟ್ಟಿದ್ದ. ಅವನು ಹೋಗುವಾಗ ಚೀಲದಿಂದ ಒಂದು ಕ್ಯಾಸೆಟ್ ತೆಗೆದು ಕೊಟ್ಟುಹೋದ. ಗೆಳೆಯನ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ನಮ್ಮಲ್ಲಿ ಮದುವೆಯಲ್ಲಿ ಬಂದ ಒಂದು ಇತ್ತು.

ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಹೊಗೆಯೊಳಗಿಂದ ಹೊರಬರುವ ಕರಿ ಕುದುರೆಯ ಚಿತ್ರ. ತಂಡದ ಹೆಸರನ್ನು ಜಾಲಿಮುಳ್ಳಿನಂಥ ಅಕ್ಷರದಲ್ಲಿ ಬರೆದಿದ್ದರು, ಗೆಳೆಯನಿಗೂ ಓದಲು ಬರಲಿಲ್ಲ. ಹಾಗಾಗಿ ಅವರು ನಮಗೆ ಕರಿಕುದುರೆಯವರೇ ಆದರು.

"ಹೆವಿ ಮೆಟಲ್ ಅಂತಾರ ವೈನಿ ಇದಕ್ಕ," ಎಂದು ಗೆಳೆಯ ನನಗೆ ತಿಳಿಸಿದ. "ಅಂದ್ರ ಭಾರದ ಲೋಹ. ಪಾಪ, ಒಂದ ಕ್ಯಾಸೆಟ್ ಮಾಡಿ ಜಗಳಾಡಿ ಬ್ಯಾರೆ ಆದ್ರಂತ. ಅವರ ಊರಾಗ ಸೈತ ಯಾರಿಗೂ ಗೊತ್ತಿಲ್ಲಂತ."

ಮೂಲೆಯಲ್ಲಿ ಕೂತಿದ್ದ ಅತ್ತೆ, "ಲೋಹ ತರಾಂವ ಒಂದು ಹಂಚರ ತಂದಿದ್ರ ರೊಟ್ಟಿ ಸುಡಾಕ ಬರ್ತಿತ್ತು," ಅಂದರು.

ಸಾವಿರದ ಒಂಬೈನೂರ ತೊಂಬತ್ತರ ದಶಕ ಮುಗಿಯುತ್ತ ಬಂದ ಆ ವರ್ಷಗಳಲ್ಲಿ ಕರೆಂಟು ಹೇಳಿ ಕೇಳಿ ಹೋಗುತ್ತಿರಲಿಲ್ಲ. ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಪವರ್ ಲೂಮುಗಳಿದ್ದವು. ಓಣಿಯ ತುಂಬ ಅಂಥವೇ ಶೆಡ್ಡುಗಳು. ಎಲ್ಲ ಮಗ್ಗಗಳೂ ಬಡಿಯುತ್ತಿರುವಾಗ ಸದ್ದು ಸದ್ದೆಂದೇ ಅನ್ನಿಸುತ್ತಿರಲಿಲ್ಲ, ಅದು ಗಾಳಿಯ ಹಾಗೆ ಸುಮ್ಮನೆ ಇರುವ ವಸ್ತು. ಕರೆಂಟು ಹೋದಾಗ ಎಲ್ಲವೂ ಒಟ್ಟಿಗೆ ನಿಲ್ಲುತ್ತಿದ್ದವು. ಆಗ ಬೀಳುವ ಮೌನ ಮೆಟ್ಟಿಲು ತಪ್ಪಿ ಕಾಲಿಟ್ಟಂತೆ. ಕಿವಿಯೊಳಗೆ ಮಗ್ಗ ಇನ್ನೂ ಬಡಿಯುತ್ತಿರುತ್ತದೆ, ಹೊರಗೆ ಏನೂ ಇರುವುದಿಲ್ಲ. ಆ ಹೊತ್ತಿನಲ್ಲಿ ಸೆಲ್ಲಿನ ಮೇಲೆ ಸಿನಿಮಾ ಹಾಡು ಹಾಕಿದರೆ ಸೊಳ್ಳೆ ಗುಂಯ್ ಅಂದಂತೆ ಕೇಳುತ್ತಿತ್ತು. ಕರಿಕುದುರೆಯವರ ಹಾಡು ಮಾತ್ರ ಮಗ್ಗ ಬಿಟ್ಟ ಜಾಗದಿಂದಲೇ ಎತ್ತಿಕೊಂಡು ಮುಂದಕ್ಕೆ ಹೋಗುತ್ತಿತ್ತು.

ಹಾಡುವವನ ದನಿ ಆಳವಾದ ಬಾವಿಯಿಂದ ತುಂಬಿದ ಕೊಡ ಎಳೆದಂತೆ ಮೆಲ್ಲಗೆ ಮೇಲೆ ಬರುತ್ತಿತ್ತು. ಡ್ರಮ್ಮು ಆನೆ ನಡೆದಂತೆ, ಒಂದು ಹೆಜ್ಜೆ ಇಟ್ಟು, ನೆಲ ಗಟ್ಟಿಯಿದೆಯೇ ನೋಡಿ, ಇನ್ನೊಂದು ಹೆಜ್ಜೆ. ಗಿಟಾರು ದೂರದ ಗುಡ್ಡದ ಹಿಂದೆ ಗುಡುಗಿದಂತೆ ಉರುಳುತ್ತಲೇ ಇರುತ್ತಿತ್ತು. ಇವರು ಮಗ್ಗದ ಪಕ್ಕ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಾನು ಬಾಗಿಲಲ್ಲಿ ಕೂತು, ಮುಗಿದ ಹಾಸಿನ, ಅಂದರೆ ಸೀರೆಯ ಉದ್ದ ನೂಲಿನ, ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದೇ ಹೊಸೆದು ಕೂಡಿಸುತ್ತಿದ್ದೆ. ಎಳೆ ಎಣಿಸುವುದು ತಪ್ಪಿ ಹಾಡಿನೊಳಗೆ ಹೋಗಿಬಿಡುತ್ತಿದ್ದೆ. ತಗಡಿನ ಸಂದಿಯಿಂದ ಬೀಳುವ ಬಿಸಿಲಿನ ಕೋಲುಗಳಲ್ಲಿ ಹತ್ತಿಯ ಧೂಳು ತೇಲುತ್ತಿತ್ತು, ಅದೂ ಆ ತಾಳಕ್ಕೇ ತೇಲುತ್ತಿದೆ ಅನ್ನಿಸುತ್ತಿತ್ತು. ಅತ್ತೆಗೆ ಮಧ್ಯಾಹ್ನದ ನಿದ್ದೆ ಬರುತ್ತಿದ್ದದ್ದು ಆ ಹಾಡಿನಲ್ಲೇ. "ಆ ಬೊಬ್ಬಿ ಹಚ್ರಿ, ಒಂದೀಟು ಅಡ್ಡ ಆಗ್ತೇನಿ," ಅನ್ನುತ್ತಿದ್ದರು.

ಗೆಳೆಯ ಮಳೆಗಾಲದಲ್ಲಿ, ಪ್ರವಾಸಿಗರು ಕಡಿಮೆಯಾದಾಗ, ಅಮೀನಗಡದ ಮೇಲೆ ಹಾದು ಬರುತ್ತಿದ್ದ. ಬರುವಾಗ ಕರದಂಟಿನ ಪೊಟ್ಟಣ ಕೈಯಲ್ಲಿ. ಹಾಡು ಹಚ್ಚಿಕೊಂಡು ಇಬ್ಬರೂ ಮಾತಿಲ್ಲದೆ ಕೂತಿರುತ್ತಿದ್ದರು. ಒಂದು ದಿನ ಯಂತ್ರ ರೀಲನ್ನು ಎಳೆದುಕೊಂಡು ನುಂಗಿತು. ಇವರು ಅದನ್ನು ಎಳೆಯ ಸಿಕ್ಕು ಬಿಡಿಸಿದಂತೆ ಬಿಡಿಸಿ, ಪೆನ್ಸಿಲ್ ತೂರಿಸಿ ಸುತ್ತಿ, ತುಂಡಾದಲ್ಲಿ ಅಂಟುಪಟ್ಟಿ ಹಚ್ಚಿದರು. ಇನ್ನೂ ಕೆಲವು ತಿಂಗಳು ಹಾಡಿತು. ಆಮೇಲೆ ಬರೇ ಮಳೆ ಸುರಿದ ಸದ್ದು ಬರತೊಡಗಿತು.

"ಹೋಗ್ಲಿ ಬಿಡ್ರಿ," ಅಂದೆ ನಾನು.

"ಎಲ್ಲಿ ಹೋಗ್ತೈತಿ? ನನ್ನ ತಲ್ಯಾಗ ಐತಿ ಅದು," ಅಂದರು.

ಅದು ಖರೆಯೇ ಆಗಿತ್ತು. ಎಷ್ಟೋ ವರ್ಷ ಇವರು ಮಗ್ಗ ನಿಂತಾಗಲೆಲ್ಲ ಅದನ್ನು ಮೂಗಿನಲ್ಲೇ ಗುನುಗುತ್ತಿದ್ದರು, ಗಿಟಾರಿನ ಉರುಳಿಕೆ ಸಹಿತ. ಒಂದಕ್ಷರದ ಅರ್ಥ ಗೊತ್ತಿಲ್ಲ, ಒಂದು ಏರಿಳಿತವೂ ತಪ್ಪುತ್ತಿರಲಿಲ್ಲ.

ಹೊಸ ಶತಮಾನ ಬಂದು, ಬಾಗಲಕೋಟೆಯ ಅರ್ಧ ಊರು ಆಣೆಕಟ್ಟಿನ ಹಿನ್ನೀರಿಗೆ ಹೋಗಿ, ಹೊಸದಾಗಿ ಕಟ್ಟಿದ ನವನಗರದಲ್ಲಿ ಸೈಬರ್ ಕೆಫೆಗಳು ಎದ್ದ ಮೇಲೆ ಒಂದು ಸಂಜೆ ಗೆಳೆಯ ಮಳೆಗಾಲವಲ್ಲದ ಕಾಲದಲ್ಲಿ ಬಂದ. ಕರದಂಟು ತಂದಿರಲಿಲ್ಲ. ಚಪ್ಪಲಿ ಬಿಡುವ ಮೊದಲೇ, "ಲೇ, ಕರಿಕುದುರಿ ಮಂದಿ ಮತ್ತ ಕೂಡ್ಯಾರ," ಅಂದ.

ಇವರು ಕಂಡಿಕೆ ಕೈಯಲ್ಲಿ ಹಿಡಿದು ಹಾಗೇ ನಿಂತರು.

ಗುಹೆ ನೋಡಲು ಬಂದ ಒಬ್ಬನ ಅಂಗಿಯ ಮೇಲೆ ಅದೇ ಕುದುರೆ ಇತ್ತಂತೆ. ಗೆಳೆಯ ಅವನನ್ನು ನಿಲ್ಲಿಸಿ ಕೇಳಿದ್ದಾನೆ. ನಾಲ್ಕೂ ಜನ ಬದುಕಿದ್ದಾರೆ, ಮೂವತ್ತು ವರ್ಷದ ಮೇಲೆ ಜಗಳ ಮರೆತು ಮತ್ತೆ ಕೂಡಿ ಅದೇ ಹಾಡು ಹಾಡಿದ್ದಾರೆ, ಅದು ಇಂಟರ್ನೆಟ್ಟಿನಲ್ಲಿ ಬಂದಿದೆ ಎಂದು ಅವನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ.

"ನಾಳಿಗೇ ಹೋಗೂಣು ನಡಿ," ಅಂದ ಗೆಳೆಯ.

"ನಾ ಬರೂದಿಲ್ಲ."

"ಯಾಕಲೇ? ಅಳಿಯತನಕ್ಕ ಕರದಂಗ ಕರೀಬೇಕೇನು?"

"ಮುದುಕರಾಗಿರ್ತಾರ. ಮುದುಕರ ಹಾಡು ಕೇಳಿದೆನಂದ್ರ ನಂದು ಅಳಸ್ತೈತಿ. ಬಣ್ಣದ ಮ್ಯಾಲ ಬಣ್ಣ ಹಾಕಿದ್ರ ಮೊದಲಿಂದು ತಿರುಗಿ ಬರ್ತದೇನು? ನನ್ನ ಕಡೆ ಇರೂದು ಅದೊಂದ. ನೀ ಹೋಗಿ ಕೇಳು."

"ನಿನ್ನ ಬಿಟ್ಟು ನಾ ಒಬ್ಬನ ಎಂದ ಕೇಳೇನಿ?" ಅಂದ ಗೆಳೆಯ. ಅವನ ಮುಖ ಸಣ್ಣದಾಯಿತು. "ನೀ ಬರಲಿಲ್ಲಂದ್ರ ನಾನೂ ಕೇಳೂದಿಲ್ಲ. ಚೀಟಿ ಇಟಗೋ."

ಚೀಟಿಯನ್ನು ಗೋಡೆಯ ಗೂಡಿನಲ್ಲಿಟ್ಟು ಅವನು ಚಹಾ ಕೂಡ ಕುಡಿಯದೆ ಕೊನೆಯ ಬಸ್ಸಿಗೆ ಹೋದ. ವಾರವಿಡೀ ಇವರು ಆ ಗೂಡಿನ ಕಡೆ ನೋಡಲಿಲ್ಲ. ಮೂಗಿನಲ್ಲಿ ಹಾಡುವುದನ್ನೂ ನಿಲ್ಲಿಸಿದ್ದರು, ತೆಗೆದರೆ ಗಾಳಿ ತಾಗೀತು ಅನ್ನುವ ಹಾಗೆ. ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ, "ನನಗ ಕೇಳಬೇಕಾಗೈತ್ರಿ," ಅಂದೆ.

"ನಿನಗ?"

"ಹೂಂ. ಬಾಗಲಾಗ ಕುಂತು ಇಷ್ಟು ವರ್ಷ ಕೇಳಿದಾಕಿ ನಾನೂ ಅಲ್ಲೇನು? ನಿಮ್ಮ ತಲ್ಯಾಗ ಇದ್ರ ನಿಮಗಾತು. ನನ್ನ ತಲ್ಯಾಗ ಅರ್ಧಾನೂ ಇಲ್ಲ."

ಇವರು ರೊಟ್ಟಿ ಮುರಿದು ಬಹಳ ಹೊತ್ತು ಹಿಂಡಿಯಲ್ಲಿ ಹೊರಳಿಸಿದರು. ನಾನೂ ಕೇಳುತ್ತಿದ್ದೆನೆಂದು ಇವರಿಗೆ ಗೊತ್ತೇ ಇರಲಿಲ್ಲವೆಂದು ಕಾಣುತ್ತದೆ. ಸಂಜೆ ಎಸ್.ಟಿ.ಡಿ. ಅಂಗಡಿಗೆ ಹೋಗಿ ಬಾದಾಮಿಗೆ ಫೋನ್ ಹಚ್ಚಿ ಬಂದರು.

ಹಾಗೆ ನಾವು ಹೊರಟದ್ದು, ಗೂಡಿನಲ್ಲಿದ್ದ ಚೀಟಿಯನ್ನು ನಾನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ. ಹುನಗುಂದ ದಾಟಿ, ಅಮೀನಗಡ ದಾಟಿ, ಕರಿ ಹೊಲಗಳ ನಡುವೆ ಬಸ್ಸು ಓಲಾಡುತ್ತ ಹೋಯಿತು. ಕಿಟಕಿಯ ಹೊರಗೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಇವರು ಕೊನೆಯ ಸಲ ಎಂಬಂತೆ ತುಟಿ ಮುಚ್ಚಿಕೊಂಡೇ ಮೊದಲಿಂದ ಕೊನೆತನಕ ಹಾಡನ್ನು ಅಂದುಕೊಳ್ಳುತ್ತಿದ್ದರು; ಮೊಣಕಾಲ ಮೇಲಿನ ಬೆರಳಿನಿಂದ ನನಗೆ ತಿಳಿಯುತ್ತಿತ್ತು. ನವನಗರದ ಬಸ್ ನಿಲ್ದಾಣದಲ್ಲಿ ಗೆಳೆಯ ಕಾಯುತ್ತಿದ್ದ. ಅವನು ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಸೈಬರಿನಲ್ಲಿ ಮಧ್ಯಾಹ್ನ ಯಾರೂ ಇರಲಿಲ್ಲ. ಪ್ಲೈವುಡ್ಡಿನ ಗೂಡುಗಳು, ಮೇಲೆ ತಿರುಗುವ ಪಂಖ. ದಪ್ಪ ಕನ್ನಡಕದ ಮಾಲೀಕರು ಮೂರು ಜನ ಒಂದು ಗೂಡಿಗೆ ಬಂದದ್ದನ್ನು ನೋಡಿ, "ರಿಸಲ್ಟ್ ನೋಡೂದೈತೇನ್ರಿ, ಮಕ್ಕಳದು?" ಅಂದರು.

"ಇಲ್ರಿ, ಹಾಡು ಕೇಳೂದೈತ್ರಿ," ಅಂದ ಗೆಳೆಯ. ಅವರು ಒಮ್ಮೆ ನನ್ನ ಸೆರಗಿನ ಕಡೆ, ಒಮ್ಮೆ ಚೀಟಿಯ ಕಡೆ ನೋಡಿ, ಕಿವಿಗೆ ಹಾಕುವುದನ್ನು ತೆಗೆದು ಸ್ಪೀಕರ್ ಹಚ್ಚಿಕೊಟ್ಟರು.

ಮೊದಲು ಹಳೆಯದನ್ನು ಕೇಳೋಣ ಎಂದು ಗೆಳೆಯ ಆಸೆಪಟ್ಟ. ಯಾರೋ ಪುಣ್ಯಾತ್ಮರು ಆ ಕ್ಯಾಸೆಟ್ಟಿನ ಹಾಡನ್ನೂ ಹಾಕಿದ್ದರು, ಕುದುರೆಯ ಚಿತ್ರದ ಸಮೇತ. ಚಿತ್ರ ಬಂದ ಕೂಡಲೇ ಮೂವರೂ ಮುಂದಕ್ಕೆ ಬಾಗಿದೆವು. ಹಾಡು ಶುರುವಾಯಿತು.

ಅದು ನಮ್ಮದಲ್ಲ. ಮಾತು ಅವೇ, ಏರಿಳಿತ ಅವೇ, ಆದರೆ ನಾಯಿ ಬೆನ್ನು ಹತ್ತಿದ ಮೇಕೆಯ ಹಾಗೆ ಓಡುತ್ತಿತ್ತು. ಹಾಡುವವನ ದನಿ ಸಣ್ಣಗೆ, ಕೀಚಲು. ಆನೆ ಇಲ್ಲ, ಬಾವಿ ಇಲ್ಲ.

"ಯಜಮಾನ್ರ, ಇದರ ಸ್ಪೀಡ್ ಸ್ವಲ್ಪ ಕಮ್ಮಿ ಮಾಡ್ರಿ," ಅಂದರು ಇವರು.

"ಅದು ಕಮ್ಮಿ ಆಗೂದಿಲ್ರಿ. ಹಾಡು ಇರೂದ ಅಷ್ಟು."

"ಇರೂದ ಅಷ್ಟಲ್ರಿ. ನಾವು ಕೇಳೇವಿ."

ಆಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಹೊಸ ಸೆಲ್ಲು ಬಂದರೆ ಮೊದಲು ಬ್ಯಾಟರಿ ದೀಪಕ್ಕೆ. ದೀಪ ಮಂದವಾದ ಮೇಲೆ ಅವು ಟೇಪ್ ರೆಕಾರ್ಡರಿಗೆ. ಅಲ್ಲೂ ಸೋತ ಮೇಲೆ ನಾನು ಅವನ್ನು ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಬಿಸಿಲಿಗೆ ಒಣಗಿಸಿ ಮತ್ತೆ ಹಾಕುತ್ತಿದ್ದೆ. ಊರೆಲ್ಲ ಹಾಗೇ ಮಾಡುತ್ತಿತ್ತು. ಕರೆಂಟು ಇದ್ದಾಗ ಮಗ್ಗ. ಹಾಡೆಂಬುದು ಕರೆಂಟು ಹೋದಾಗಲೇ. ಹೊಸ ಸೆಲ್ಲಿನಲ್ಲಾಗಲಿ ಕರೆಂಟಿನಲ್ಲಾಗಲಿ ನಾವು ಆ ಹಾಡನ್ನು ಒಂದು ದಿನವೂ ಕೇಳಿರಲಿಲ್ಲ; ಸೋತ ಸೆಲ್ಲಿನಲ್ಲಿ ಟೇಪು ನಿಧಾನ ತಿರುಗಿ, ಹಾಡು ಎಳೆದು, ದನಿ ದಪ್ಪಗಾಗಿ ಕೇಳುತ್ತಿತ್ತು.

ಅದನ್ನು ಹೇಳಿದೆ. ಗೆಳೆಯ ಪ್ಲೈವುಡ್ಡಿಗೆ ತಲೆ ಆನಿಸಿ ನಕ್ಕ, ಕಣ್ಣೀರು ಬರುವ ತನಕ ನಕ್ಕ. "ವೈನಿ, ನೀವ ನೋಡ್ರಿ ಹಾಡಿನ ಮಾಸ್ತರ. ನಿಮ್ಮ ಸಂಡಿಗೀ ಬಿಸಲಾಗ ಬೆಂದೈತದು."

ಇವರು ನಗಲಿಲ್ಲ. ಅಂಗೈಗಳನ್ನು ಮೇಜಿನ ಮೇಲಿಟ್ಟು ನೋಡುತ್ತ ಕೂತರು. "ಹಂಗಾದ್ರ ನನ್ನ ತಲ್ಯಾಗ ಇರೂದು ಯಾರೂ ಹಾಡಿದ್ದಲ್ಲ," ಅಂದರು ಮೆಲ್ಲಗೆ. "ಸೆಲ್ಲು ಸಾಯೂ ಸಪ್ಪಳ ಅದು."

ಗೆಳೆಯನ ನಗು ನಿಂತಿತು. ಹೋಗೋಣ ನಡೀರಿ ಎಂದು ಇವರು ಅರ್ಧ ಎದ್ದರು. ಅಷ್ಟರಲ್ಲಿ ಗೆಳೆಯ ಚೀಟಿ ನೋಡಿ ಕೊನೆಯ ಅಕ್ಷರವನ್ನೂ ಒತ್ತಿಬಿಟ್ಟಿದ್ದ.

ಪರದೆಯ ಮೇಲೆ ಸಣ್ಣದೊಂದು ಸಭಾಗೃಹ. ಮುಂದೆ ಕೆಲವೇ ಜನ. ವೇದಿಕೆಯ ಮೇಲೆ ನಾಲ್ಕು ಮುದುಕರು. ಒಬ್ಬನಿಗೆ ಹೊಟ್ಟೆ ಬಂದಿತ್ತು, ಒಬ್ಬನ ತಲೆ ಪೂರ್ತಿ ಬೋಳು. ಹಾಡುವವನು ಮೈಕಿನ ಕಂಬವನ್ನು ಊರುಗೋಲಿನಂತೆ ಹಿಡಿದಿದ್ದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರು ಮೊದಲು ಎಂಬಂತೆ. ಡ್ರಮ್ಮಿನವನು ಕೈ ಎತ್ತಿದ.

ಒಂದು ಹೆಜ್ಜೆ. ನೆಲ ನೋಡಿ, ಇನ್ನೊಂದು ಹೆಜ್ಜೆ.

ವಯಸ್ಸಾದ ಕೈಗಳಿಗೆ ಓಡಲು ಬರುತ್ತಿರಲಿಲ್ಲ. ದನಿಗೆ ಮೇಲೆ ಹೋಗಲು ಆಗುತ್ತಿರಲಿಲ್ಲ. ಅದು ಕೆಳಗೆ ಇಳಿದು, ಬಾವಿಯ ತಳ ಮುಟ್ಟಿ, ತುಂಬಿದ ಕೊಡದ ಹಾಗೆ ಮೆಲ್ಲಗೆ ಮೇಲೆ ಬಂತು. ಗುಡ್ಡದ ಹಿಂದೆ ಗುಡುಗು ಉರುಳಿತು. ನನ್ನ ಕಾಲ ಕೆಳಗೆ ಶೆಡ್ಡಿನ ನೆಲ ಬಂದಂತಾಯಿತು, ಪಂಖದ ಗಾಳಿಯಲ್ಲಿ ಹತ್ತಿಯ ಧೂಳು ತೇಲಿದಂತಾಯಿತು. ನಡುವೆ ಚಿತ್ರ ನಿಂತು ಚಕ್ರವೊಂದು ತಿರುಗತೊಡಗಿತು. ಹಾಡು ನಿಂತಲ್ಲಿಂದ ಇವರು ಮೂಗಿನಲ್ಲಿ ಎತ್ತಿಕೊಂಡರು. ಅರ್ಧ ಎದ್ದವರು ಯಾವಾಗ ಕೂತರೋ ನನಗೆ ಕಾಣಲಿಲ್ಲ. ಚಕ್ರ ಹೋಗಿ ಮುದುಕರು ಮತ್ತೆ ಶುರು ಮಾಡಿದಾಗ, ಇವರು ಮಗ್ಗುಲ ಮನೆಯವರಿಗೆ ಜಾಗ ಬಿಟ್ಟುಕೊಟ್ಟಂತೆ ಸುಮ್ಮನಾದರು.

ಮುಗಿದ ಮೇಲೆ ಗೆಳೆಯ ಕೆಳಗೆ ಬರೆದಿದ್ದ ಮಾತುಗಳನ್ನು ಓದಿ ಹೇಳತೊಡಗಿದ. ದೇಶದೇಶದ ಜನ ಬರೆದಿದ್ದರು. "ಇಂವ ಅಂತಾನ, ಅತ್ತಬಿಟ್ಟೆ ಅಂತ. ಈಕಿ ಅಂತಾಳ, ನಮ್ಮಣ್ಣ ಇರಬೇಕಾಗಿತ್ತು ಇವತ್ತ ಅಂತ. ಇಂವ ನೋಡು, ಬೈದಾನ. ಜೀವ ಇಲ್ಲ, ಇಷ್ಟು ಸಾವಕಾಶ ಹಾಡೂದಾದ್ರ ಮನ್ಯಾಗ ಮಲಕೊಬೇಕಾಗಿತ್ತು ಅಂತ. ಇವನೂ ಹಂಗ. ನನ್ನ ಹರೇದ ಹಾಡು ಕೆಡಿಸಿದ್ರು ಅಂತಾನ."

"ಎಲ್ಲಿಯವ ಅಂವ?" ಅಂದರು ಇವರು.

"ಯಾರಿಗ್ಗೊತ್ತು. ಎಲ್ಲೋ ಹಿಮ ಬೀಳೂ ಊರಾಂವ."

"ನಂದೂ ಬರಿ."

ಅದಕ್ಕೆ ಖಾತೆ ತೆಗೆಯಬೇಕಂತೆ. ಮಾಲೀಕರೇ ಬಂದು ತೆಗೆದುಕೊಟ್ಟರು, ಮತ್ತೆ ಹೋಗದೆ ಅಲ್ಲೇ ನಿಂತರು. ಗೆಳೆಯ ಒಂದೇ ಬೆರಳಿನಿಂದ ಒತ್ತುತ್ತ, "ಹೇಳು," ಅಂದ.

ಇವರು ಗಂಟಲು ಸರಿಮಾಡಿಕೊಂಡರು. "ನಾವು ಇಳಕಲ್ಲಾಗ ಮೊದಲಿಂದ ಹಿಂಗ ಕೇಳೇವಿ. ಈಗ ನೀವು ಸರಿಯಾಗಿ ಹಾಡೀರಿ. ಅವಸರ ಮಾಡಬ್ಯಾಡ್ರಿ. ಇಷ್ಟ."

"ವೈನಿ, ನಿಮ್ಮದು?"

ನಾನು ಪರದೆಯ ಮೇಲೆ ನಿಂತಿದ್ದ ಚಿತ್ರ ನೋಡಿದೆ. "ಆ ಮೂಲ್ಯಾಗ ನಿಂತಾಂವ ಭಾಳ ಸೊರಗ್ಯಾನ. ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ ಅಂತ ಬರೀರಿ," ಅಂದೆ. ಗೆಳೆಯ ಅದನ್ನೂ ತನಗೆ ಬಂದ ಇಂಗ್ಲೀಷಿನಲ್ಲಿ ಬರೆದ.

ಹಳೆ ಊರಿನ ಕಡೆ ಹೋಗಿ, ಒಂದು ಓಣಿ ಹಾಗೇ ಇಳಿದು ನೀರಿನೊಳಗೆ ಹೋಗುವ ಜಾಗದಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚಿದೆವು. ಯಾರದೋ ಮನೆಯ ಮೆಟ್ಟಿಲುಗಳ ಮೇಲೆ ಸಣ್ಣ ಅಲೆಗಳು ಬಂದು ಹೋಗುತ್ತಿದ್ದವು. ನೀರಿನ ನಡುವೆ ಒಂದು ಬೇವಿನ ಮರದ ಒಣ ತಲೆ, ಅದರ ಮೇಲೆ ಬೆಳ್ಳಕ್ಕಿ.

"ಅಳಿಸಿ ಹೋತೇನಲೇ?" ಎಂದು ಗೆಳೆಯ ಕೇಳಿದ.

ಇವರು ತುತ್ತು ಕೆಳಗಿಟ್ಟರು. "ಇಲ್ಲ. ಆದ್ರ ಎರಡೂ ಕೂಡಿಬಿಟ್ಟಾವ. ನಂದ್ಯಾವುದು, ಅವರದ್ಯಾವುದು, ಗೊತ್ತಾಗವಲ್ದು." ಆಮೇಲೆ, "ಅಂವಾ, ಹಾಡಾಂವ, ಮುದುಕನಾಗಿ ನಮ್ಮ ಮನಿಗೆ ಬಂದ ನೋಡು," ಅಂದರು. ಹೇಳುವಾಗ ದನಿಯಲ್ಲಿ ಸಂತೋಷವೇ ಇತ್ತು, ಆದರೂ ಏನನ್ನೋ ಕೈಯಿಂದ ಬಿಟ್ಟುಕೊಟ್ಟವರ ಹಾಗೆ ಬೆರಳುಗಳನ್ನು ಒರೆಸಿಕೊಂಡರು.

ಗೆಳೆಯ ಬಾದಾಮಿಗೆ ಹೋಗದೆ ನಮ್ಮ ಜೊತೆಯೇ ಇಳಕಲ್ಲಿಗೆ ಬಂದ. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅತ್ತೆ, "ಹೆಂಗದಾರ ನಿಮ್ಮ ಬೊಬ್ಬಿ ಹೊಡ್ಯಾವ್ರು?" ಅಂದರು. "ನಿಮ್ಮ ವಾರಗಿಯವ್ರ ಆಗ್ಯಾರಬೇ," ಅಂದ ಗೆಳೆಯ. ಅತ್ತೆ, "ಹಂಗಾದ್ರ ಬಿಡು, ಇನ್ನ ತಿಳುವಳಿಕಿ ಬಂದಿರ್ತೈತಿ," ಅಂದರು.

ರಾತ್ರಿಗೆ ನುಚ್ಚು ಮಾಡಿದೆ, ಮೇಲೆ ಮಜ್ಜಿಗೆ. ಬೆಳಗಿನ ರೊಟ್ಟಿ ಉಳಿದಿದ್ದವು, ಪುಂಡಿಪಲ್ಯಕ್ಕೆ ಒಗ್ಗರಣೆ ಕೊಟ್ಟೆ, ಹಸಿ ಉಳ್ಳಾಗಡ್ಡಿ ಜಜ್ಜಿ ಇಟ್ಟೆ. ಗೆಳೆಯ ಎರಡು ಸಲ ನುಚ್ಚು ಹಾಕಿಸಿಕೊಂಡ. ಇವರು ತಾಟಿನಲ್ಲಿ ಏನೂ ಬಿಡದೆ ಉಂಡರು, ವಾರದಿಂದ ಹಾಗೆ ಉಂಡಿರಲಿಲ್ಲ. ಪಡಸಾಲೆಯಲ್ಲಿ ಎಲ್ಲರಿಗೂ ಹಾಸಿಗೆ ಹಾಸಿದೆ. ಗೆಳೆಯ ಇನ್ನೂ ಹಿಮ ಬೀಳುವ ಊರಿನವನಿಗೆ ಕೊಡಬೇಕಾದ ಉತ್ತರ ಹೇಳುತ್ತಲೇ ಇದ್ದ, ಅತ್ತೆ ಹೂಂಗುಟ್ಟುತ್ತಿದ್ದರು. ಹೊದಿಕೆ ಎಳೆದುಕೊಂಡು ಇವರ ಕಡೆ ನೋಡಿದೆ. ಎಲ್ಲರಿಗಿಂತ ಮೊದಲು ಇವರೇ ನಿದ್ದೆ ಹೋಗಿದ್ದರು.